ಬೂದೆಮ್ಮನ ಇಪ್ಪತ್ತೈದನೆಯ ಕಿಸೆ

ಗಬ್ಬೂರಿನ ಆಚೆಗಿರುವ ಸಣ್ಣ ಶಾಲೆಯೊಂದರಲ್ಲಿ ಬೂದೆಮ್ಮ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದಳು. ಗಂಡ ತೀರಿಕೊಂಡ ವರ್ಷ, ಬಾಗಲವಾಡದ ತವರಿಗೆ ಹೋಗಿ ಬೀಳುವುದೋ ಇಲ್ಲೇ ಉಳಿಯುವುದೋ ತೋಚದೆ ಕುಳಿತವಳ ಕೈಗೆ ಸೌಟು ಕೊಟ್ಟಿದ್ದು ಈ ಶಾಲೆ. ಆ ಋಣವನ್ನು ಆಕೆ ಒಂದು ದಿನವೂ ಮರೆತವಳಲ್ಲ. ಅಕ್ಷರದ ಗಂಧವಿಲ್ಲ. ಆದರೆ ಸಾಸಿವೆ ಯಾವ ಡಬ್ಬಿಯಲ್ಲಿದೆ, ಜೀರಿಗೆ ಯಾವುದರಲ್ಲಿದೆ ಎಂಬುದರಲ್ಲಿ ಒಮ್ಮೆಯೂ ತಪ್ಪಿಲ್ಲ. ಒಂದೊಂದು ಡಬ್ಬಿಗೂ ಒಂದೊಂದು ಬಣ್ಣದ ಬಟ್ಟೆಯ ಚೂರು ಕಟ್ಟಿದ್ದಳು.

ಅಡುಗೆಮನೆಯ ಪಕ್ಕ, ಚಿಕ್ಕ ತರಗತಿಯವರು ಕಾರ್ಡು ಹಿಡಿದು ಕಲಿಯುವ ನಲಿ-ಕಲಿ ಕೋಣೆಯಲ್ಲಿ ಮಾತ್ರ ಬೆಳಗಾದರೆ ರಂಪ. ರಾಯಚೂರಿನಿಂದ ದಿನಾ ಬಸ್ಸಿಗೆ ಬರುವ ಶಿವಗಂಗಾ ಟೀಚರ್, ಇಪ್ಪತ್ತನಾಲ್ಕು ಮಕ್ಕಳ ಕಾರ್ಡು, ಬಳಪ, ಪೆನ್ಸಿಲುಗಳಿಗೆ ಇಪ್ಪತ್ತನಾಲ್ಕು ರಟ್ಟಿನ ಡಬ್ಬ ಮಾಡಿ, ಮೇಲೆ ದುಂಡಗೆ ಹೆಸರು ಬರೆದು ಅಂಟಿಸಿದ್ದರು. ಒಂದನೆಯ ತರಗತಿಯವರು ಸಿಕ್ಕ ಡಬ್ಬಕ್ಕೆ ಕೈ ಹಾಕುವರು. ಅದರ ಒಡೆಯ ಅಳುವನು.

ಅಕ್ಕಿ ಆರಿಸುತ್ತ ಕುಳಿತಿದ್ದ ಬೂದೆಮ್ಮನಿಗೆ ಒಂದು ದಿನ ತಡೆಯಲಾಗಲಿಲ್ಲ.

"ಓದಾಕ ಬರದ ಹುಡುಗರಿಗಿ ಓದೋ ಚೀಟಿ ಅಂಟಿಸೀರಲ್ರೀ ಟೀಚರ್, ಅವು ಹೆಂಗ ಹುಡುಕಬೇಕ್ರೀ?"

ಶಿವಗಂಗಾ ನಕ್ಕುಬಿಟ್ಟರು. ಎರಡು ವರ್ಷ ಟ್ರೇನಿಂಗ್ ಮಾಡಿದವರಿಗೆ ಹೊಳೆಯದ್ದು ಅಕ್ಕಿಯ ಮೊರದಿಂದ ಬಂದಿತ್ತು.

ಅದೇ ವರ್ಷ ಬೂದೆಮ್ಮನಿಗೆ ಅರವತ್ತು ತುಂಬಿತು. ದಸರೆ ರಜೆಯ ಹೊತ್ತಿಗೆ ಕೆಲಸ ಬಿಡಬೇಕೆಂದು ಮೇಲಿನವರು ತಿಳಿಸಿದರು. ಆಕೆ ಜಗಳ ತೆಗೆಯಲಿಲ್ಲ. ಆದರೆ ಉಂಡ ಮನೆಗೆ ಏನಾದರೂ ಕೊಟ್ಟು ಹೋಗಬೇಕು, ತನ್ನದೊಂದು ಅಲ್ಲಿ ಉಳಿಯಬೇಕು ಎಂಬ ಹಟ ಹಿಡಿಯಿತು. ಪ್ರತಿ ಮಗುವಿಗೂ ಮನೆಯಿಂದ ಒಂದು ಹಳೆಯ ಬಟ್ಟೆ ತರಲು ಹೇಳಿದಳು. ಅವ್ವನ ಸೀರೆ, ಅಪ್ಪನ ಅಂಗಿ, ಅಣ್ಣನ ಲುಂಗಿ ಬಂದವು. ಎರಡು ತಿಂಗಳು ಕೂತು ಗೋಡೆಯಗಲದ ಕೌದಿ ಹೊಲಿದಳು. ಅದರ ಮೇಲೆ ಇಪ್ಪತ್ತನಾಲ್ಕು ಕಿಸೆ, ಒಂದೊಂದೂ ಒಂದೊಂದು ಮನೆಯ ಬಟ್ಟೆಯದು. ಕೆಳಗಿನ ಮೂಲೆಯಲ್ಲಿ ಇನ್ನೊಂದು, ನೆಲಕ್ಕೆ ಬಿದ್ದು ಯಾರದೆಂದು ಗೊತ್ತಾಗದ ಸಾಮಾನುಗಳಿಗೆ. ಅದಕ್ಕೆ ಅಕ್ಕಿಚೀಲದ ತುಂಡು ಸಾಕೆಂದುಕೊಂಡಳು.

ಕೌದಿ ತರಗತಿಯ ಗೋಡೆಗೇರಿ, ಡಬ್ಬಗಳ ಸಾಮಾನು ಕಿಸೆಗಳಿಗೆ ಬಂದ ಮೇಲೆ, ರಜೆಗೆ ಮುಂಚಿನ ಮೂರು ದಿನ ಅಲ್ಲಿ ಒಂದು ಅಳುವೂ ಕೇಳಲಿಲ್ಲ. ಅಕ್ಷರ ಬಾರದಿದ್ದರೇನು, ಅವ್ವನ ಸೀರೆ ಗುರುತು ಸಿಗದ ಮಗು ಎಲ್ಲಿದೆ?

ಆದರೆ ಬೂದೆಮ್ಮನ ತವರಿನಲ್ಲಿ ಒಂದು ಪದ್ಧತಿ ಇತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಹಾಕಬೇಕು. ಕೌದಿ ಹಸಿದಿರಬಾರದು. ಮಕ್ಕಳ ಕೌದಿಯಲ್ಲವೇ ಎಂದು ಆಕೆ ಧಾರಾಳವಾಗಿ ಒಂದು ಹಿಡಿ ಜೋಳವನ್ನೇ ತುಂಬಿದ್ದಳು.

ರಜೆ ಮುಗಿದ ದಿನ ಕೌದಿ ನೋಡಲೆಂದೇ ಬಂದಳು. ಜೋಳ ತುಂಬಿದ್ದ ಕೆಳಗಿನ ಮೂಲೆ ಚಿಂದಿಯಾಗಿತ್ತು. ಇಲಿಗಳು ಜೋಳ ತಿಂದು, ಇಪ್ಪತ್ತೈದನೆಯ ಕಿಸೆಯನ್ನೂ ಅದರೊಳಗಿನ ಕಾರ್ಡುಗಳನ್ನೂ ಕಚ್ಚಿ ಹಾಕಿದ್ದವು. ಬೂದೆಮ್ಮನ ಮುಖ ಸಪ್ಪಗಾಯಿತು. ಯಾರೂ ಏನೂ ಹೇಳುವ ಮೊದಲೇ ಮೊಳೆಯಿಂದ ಕೌದಿ ಬಿಚ್ಚತೊಡಗಿದಳು.

"ನನ್ನ ತೆಲಿಗಿ ಏನ್ ಬಡದಿತ್ತೋ ಟೀಚರ್. ಸಾಲಿಗಿ ಇಲಿ ಕರದು ಉಣ್ಣಾಕ ಹಾಕಿದಂಗಾತು. ಒಯ್ತೀನ್ರೀ ಇದನ್ನ."

ಶಿವಗಂಗಾ ಓಡಿ ಬಂದು ಕೌದಿಯ ಇನ್ನೊಂದು ತುದಿ ಹಿಡಿದರು.

"ಇಲಿ ಮ್ಯಾಲಿನ ಸಿಟ್ಟಿಗಿ ಯಾರಾರ ಮನಿ ಸುಡ್ತಾರೇನ್ರೀ ಬೂದೆಮ್ಮಾ? ಕಾರ್ಡು ನಾ ಮತ್ತ ಬರೀತೀನಿ. ನೀವು ಮೂಲಿ ಹೊಲೀರಿ. ಇದು ಇಲ್ಲಿಂದ ಹೋದ್ರ ನಾ ಏನ್ ಮಾಡ್ಲಿ?"

ಬೂದೆಮ್ಮ ಅಲ್ಲೇ ಕಟ್ಟೆಯ ಮೇಲೆ ಕುಳಿತಳು. ತುಂಡು ಬಟ್ಟೆ ಹತ್ತಿರವಿರಲಿಲ್ಲ. ದಿನವೂ ಒಲೆಯ ಮುಂದೆ ಉಡುತ್ತಿದ್ದ, ಈಗಲೂ ಉಟ್ಟಿದ್ದ, ಹೊಗೆ ಕುಡಿದ ಹಸಿರು ಸೀರೆಯ ಸೆರಗನ್ನೇ ಹರಿದು ತೇಪೆ ಹಾಕಿದಳು, ಕಿಸೆ ಮಾಡಿದಳು. ಕೊನೆಯ ಹೊಲಿಗೆಗೆ ಬಂದಾಗ ಸೂಜಿ ನಿಂತಿತು. ಹಸಿದ ಕೌದಿಯನ್ನು ಮುಚ್ಚಲು ಮನಸ್ಸು ಬಾರದು, ಕಾಳು ಹಾಕಲು ಧೈರ್ಯ ಸಾಲದು. ಶಿವಗಂಗಾ ಅದನ್ನು ಕಂಡು ಆಕೆಯ ಅಂಗೈಗೆ ಬಳಪದ ತುಂಡೊಂದನ್ನು ಇಟ್ಟರು.

"ಸಾಲಿ ಕೌದಿ ಅಲ್ಲೇನ್ರೀ, ಇದನ್ನ ತಿನ್ಲಿ."

ಬೂದೆಮ್ಮ ನಕ್ಕು, ಬಳಪ ಒಳಗಿಟ್ಟು ಹೊಲಿದಳು.

ವಾರದ ನಂತರ ಕಟ್ಟಿಗೆಯ ಹೊರೆ ಹೊತ್ತು ಶಾಲೆಯ ಕಿಟಕಿ ದಾಟುತ್ತಿದ್ದಳು. ಒಳಗೆ ಟೀಚರ್ ಹೊಸದಾಗಿ ಬರೆದ ಆನೆಯ ಕಾರ್ಡು ಎಲ್ಲಿ ಎಂದು ಕೇಳುತ್ತಿದ್ದರು. ಒಂದನೆಯ ತರಗತಿಯ ಪ್ರಿಯದರ್ಶಿನಿ ಎದ್ದು ಹಸಿರು ಮೂಲೆಗೆ ಬೆರಳು ತೋರಿಸಿದಳು.

"ಬೂದೆಮ್ಮಜ್ಜಿ ಕಿಸೇದಾಗ ಅದ ರೀ ಟೀಚರ್."

ಆ ಮಾತನ್ನು ಆ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೂದೆಮ್ಮ ಹೊರೆ ಇಳಿಸಿ, ಚೋಟುದ್ದ ಕಡಿಮೆಯಾದ ಸೆರಗಿನಿಂದ ಕಣ್ಣೊರೆಸಿಕೊಂಡು, ಶಾಲೆಯ ಗೋಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.