ಬಟ್ಟೆ ತೆಗೆಯುವ ಮಳೆ, ಬಾಗಿಲು ಹಾಕುವ ಮಳೆ

ಆ ಮಧ್ಯಾಹ್ನ ಕಾಪುವಿನ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಎಂದಿನಂತೆ ಗಂಡನ ಫೋನು ಬಂತು. ಅವರು ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿದ್ದರು. ಗಾಳಿ ಎತ್ತಲಿಂದ, ಮೋಡ ಎಷ್ಟು ಎತ್ತರದಲ್ಲಿ, ಎಷ್ಟು ದೂರದವರೆಗೆ ಕಾಣುತ್ತದೆ ಎಂಬುದನ್ನು ಆಗಾಗ ನೋಡಿ ಪೈಲಟ್‌ಗಳಿಗೆ ತಲುಪಿಸುವ ಕೆಲಸ. ಎಲ್ಲಕ್ಕೂ ಯಂತ್ರಗಳಿದ್ದವು. ಆದರೂ ಮಳೆಗಾಲದಲ್ಲಿ ನನ್ನನ್ನೊಮ್ಮೆ ಕೇಳದಿದ್ದರೆ ಅವರಿಗೆ ಸಮಾಧಾನವಿಲ್ಲ.

"ಸಮುದ್ರ ಹೇಗುಂಟು ಮಾರಾಯ್ತಿ?"

"ಕಪ್ಪಾಗ್ತಾ ಉಂಟು."

"ಬಟ್ಟೆ ತೆಗೆಯುವಷ್ಟಾ, ಬಾಗಿಲು ಹಾಕುವಷ್ಟಾ?"

"ಬಟ್ಟೆ ತೆಗೆಯುವಷ್ಟೇ. ನೀವು ಊಟ ಮಾಡಿದಿರಾ?"

ನಮ್ಮ ಮನೆಯ ಅಳತೆ ಅದು. ಬಾಗಿಲು ಹಾಕುವ ಮಳೆಯೆಂದರೆ ಸಮುದ್ರವೇ ಕಾಣದ ಮಳೆ.

ಮರುದಿನ ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಹೆಚ್ಚು ಭರವಸೆ ಕೊಡಲಿಲ್ಲ. ಮಗಳು ದೋಹಾದಲ್ಲಿ ನರ್ಸ್. ಸಿಕ್ಕಿದ ವಿಮಾನ ಹತ್ತಿದಳು. ಅದನ್ನು ಹೇಳಿದಾಗ ಅವರು ನನ್ನ ಕೈ ಹಿಡಿದು, "ಅವಳಿಗೊಂದು ಮಾತು ಹೇಳ್ಲಿಕ್ಕುಂಟು" ಎಂದರು.

"ನನ್ನ ಹತ್ತಿರ ಹೇಳಿ."

"ನಿನ್ನ ಹತ್ತಿರ ಅಲ್ಲ. ಅವಳು ಬರಲಿ."

ವಿಮಾನ ಇಳಿಯುವ ಹೊತ್ತಿಗೆ ಆಸ್ಪತ್ರೆಯ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಇಲ್ಲಿಯ ಮಳೆ ಅಲ್ಲಿ ಇರಬೇಕೆಂದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಜತೆ ಕೆಲಸ ಮಾಡುವ ಹುಡುಗ ಆಗ ಡ್ಯೂಟಿಯಲ್ಲಿದ್ದ. ಅವನೇ ಫೋನು ಮಾಡಿದ.

"ಅಕ್ಕ, ವಿಮಾನ ಮೇಲೆ ಸುತ್ತುತ್ತಾ ಉಂಟು. ರನ್‌ವೇ ಪೂರ್ತಿ ಒದ್ದೆ. ಎಂಟುನೂರು ಮೀಟರ್ ಮಾತ್ರ ಕಾಣ್ತದೆ."

ವಿಮಾನ ಇಳಿಯಲು ಅಷ್ಟು ಸಾಲದು ಎಂದು ನನಗೆ ಗೊತ್ತಿತ್ತು. ಆ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. ಎರಡೂ ತುದಿಯಲ್ಲಿ ಕಣಿವೆ. ಸ್ವಲ್ಪ ಹೆಚ್ಚು ಕಾಣುತ್ತದೆಂದು ಪೈಲಟ್‌ಗೆ ಹೇಳು ಮಾರಾಯ ಎನ್ನುವ ಮಾತು ಬಾಯಿಯವರೆಗೆ ಬಂತು. ಆ ವಿಮಾನದೊಳಗೆ ಇದ್ದವಳು ನನ್ನ ಮಗಳೇ. ಮಾತು ನುಂಗಿದೆ.

"ಬಟ್ಟೆ ತೆಗೆಯುವಷ್ಟಾ?" ಎಂದು ಕೇಳಿದೆ.

ಅವನಿಗೂ ಈ ಲೆಕ್ಕ ಗೊತ್ತಿತ್ತು.

"ಬಾಗಿಲು ಹಾಕುವಷ್ಟು, ಅಕ್ಕ."

ವಿಮಾನ ಬೆಂಗಳೂರಿಗೆ ಹೋಯಿತು. ಅಲ್ಲಿಂದ ಮಗಳು ಕಾರು ಹಿಡಿದು ಹೊರಟಳು. ದಾರಿಯುದ್ದಕ್ಕೂ ಫೋನು ಮಾಡುತ್ತಿದ್ದಳು, "ಅಪ್ಪ ಎಚ್ಚರ ಇದ್ದಾರಾ?" ಎಂಬುದೊಂದೇ ಪ್ರಶ್ನೆ. ಅವರಿಗೆ ಆಗಲೇ ಎಚ್ಚರ ತಪ್ಪಿತ್ತು. ಕಾರ್ಕಳ ದಾಟಿದೆ ಎಂದು ಅವಳು ಹೇಳಿದಾಗ, "ನಿಧಾನ ಬಾ" ಎಂದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗಲೂ ಊರಿಗೆ ಬಂದಾಗಲೆಲ್ಲ ಅವಳು ಕೇಳುತ್ತಾಳೆ, ಅಪ್ಪ ಏನು ಹೇಳಬೇಕೆಂದಿದ್ದರು ಎಂದು. ನನಗೆ ಗೊತ್ತಿಲ್ಲ.