ಪಿಯಾನೊ ನಿಂತ ಭಾನುವಾರ

ಅಲಬಾಮದ ಆ ಪುಟ್ಟ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ವರ್ಲೀನ್ ಮೂವತ್ತೊಂದು ವರ್ಷ ಪಿಯಾನೊ ನುಡಿಸಿದ್ದಳು. ಯೇಸುವನ್ನು ನಂಬುವವರು ಮುಂದೆ ಬನ್ನಿ ಎಂದು ಪಾಸ್ಟರ್ ಕರೆದಾಗಲೆಲ್ಲ ಇವಳು ನುಡಿಸುವ ಹಾಡಿಗೆ ಜನ ಅಳುತ್ತಾ ಎದ್ದು ಮುಂದೆ ಹೋಗುತ್ತಿದ್ದರು. ಇವಳೊಬ್ಬಳು ಮಾತ್ರ ಹೋಗಿರಲಿಲ್ಲ. ಕೈ ಬಿಡುವಾಗಿರಲಿಲ್ಲವಲ್ಲ! ಯಾಕೆಂದು ಯಾರೂ ಕೇಳಿರಲೂ ಇಲ್ಲ.

ಈ ಭಾನುವಾರ ಅದೇ ಕರೆಯ ಹಾಡಿನ ಮೂರನೇ ಚರಣದ ನಡುವೆಯೇ ಅವಳ ಕೈ ನಿಂತುಬಿಟ್ಟಿತು. ಪಾಸ್ಟರ್ ರಾಯ್ಸ್ ಓಡಿ ಬಂದು ಪಿಸುಗುಟ್ಟಿದ, "ವರ್ಲೀನಮ್ಮ, ಬಿಪಿ ಜಾಸ್ತಿ ಆಯ್ತಾ? ನೀರು ತರ್ಲಾ?"

"ನೀರು ಬೇಡಪ್ಪ. ನಾನಿನ್ನೂ ನಂಬೇ ಇಲ್ಲ ಕಣೋ."

"ತಮಾಷೆ ಮಾಡ್ಬೇಡಿ. ಚಿಕ್ಕವನಿದ್ದಾಗ ನಂಗೆ ಬೈಬಲ್ ಕಲಿಸಿದ್ದೇ ನೀವು!"

"ಕಲಿಸೋಕೆ ಬಾಯಿ ಸಾಕಿತ್ತು."

ಅವಳು ಮುಂದೆ ಹೋಗಿ ಮಂಡಿಯೂರಿದಳು. ಹಾಡೂ ಇರಲಿಲ್ಲ, ಕಣ್ಣೀರೂ ಬರಲಿಲ್ಲ.

"ಯೇಸಪ್ಪ, ಒಳಗೆ ಏನೂ ಅನ್ನಿಸ್ತಿಲ್ಲ. ಆದ್ರೂ ನೀನೇ ಬೇಕು."

ಬಾಯಿಗೆ ಬಂದಿದ್ದು ಅಷ್ಟೇ.