ನಿರ್ಮಲಾ ತಿನ್ನದ ಹಂದಿ

ಬ್ಯಾಡಗಿಯ ಶಾರದವ್ವನ ಸೊಸೆ ನಿರ್ಮಲಾಗೆ ಮೊದಲ ಸಲ ಫಿಟ್ಸ್ ಬಂದದ್ದು ರೊಟ್ಟಿ ಬಡಿಯುವಾಗ. ಅದು ೨೦೦೬ರ ಸುಗ್ಗಿ. ಪೇಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತಿದ್ದವು, ಊರಿನ ಗಾಳಿಯಲ್ಲೆಲ್ಲ ಘಾಟು. ಅವಳ ಬಲಗೈ ತಾನಾಗಿಯೇ ಅದುರತೊಡಗಿತು. ಎಡಗೈಯಿಂದ ಅದನ್ನು ಹಿಡಿದುಕೊಳ್ಳಲು ನೋಡಿದಳು. ಮುಂದಿನದು ನೆನಪಿಲ್ಲ. ಎಚ್ಚರವಾದಾಗ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ, ಮೂಗಿನ ಹತ್ತಿರ ಜಜ್ಜಿದ ಉಳ್ಳಾಗಡ್ಡಿ, ಮೊಣಕೈಗೆ ಕಾದ ಹಂಚು ತಗುಲಿ ಎದ್ದ ಬೊಬ್ಬೆ. ಶಾರದವ್ವ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಆ ಅಳುವನ್ನು ನಿರ್ಮಲಾ ಮರೆಯಲಿಲ್ಲ. ಮುಂದೆ ಏನೆಲ್ಲ ನಡೆದರೂ ಅತ್ತೆಯ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ಅದು ಬಿಡಲಿಲ್ಲ.

ಮತ್ತೊಮ್ಮೆ ಬಂದ ಮೇಲೆ ಗಂಡ ಕೊಟ್ರೇಶ ರಾಣೇಬೆನ್ನೂರಿನ ಒಬ್ಬ ಡಾಕ್ಟರರಿಗೆ ತೋರಿಸಿದ. ಶಾರದವ್ವನೂ ಜೊತೆಗೆ ಹೋದಳು. ತಲೆಯ ಸ್ಕ್ಯಾನ್ ಆಯಿತು. ಮಿದುಳಿನಲ್ಲಿ ಲಾಡಿಹುಳದ ಗುಳ್ಳೆ ಕೂತಿದೆ ಎಂದರು ಡಾಕ್ಟರರು. ಅದು ಎಲ್ಲಿಂದ ಬರುತ್ತದೆ ಎಂದು ಕೊಟ್ರೇಶ ಕೇಳಿದ. ಹಂದಿಯಿಂದ ಬರುವ ಹುಳ ಅದು ಎಂದರು. ಹಂದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಶಾರದವ್ವ ಸೆರಗು ಹೊದ್ದುಕೊಂಡು ಎದ್ದು ಹೊರಗೆ ಹೋದಳು. ಮುಂದಿನ ಮಾತು ಅವಳಿಗೆ ಕೇಳಿಸಲೇ ಇಲ್ಲ.

ಮುಂದಿನದೇ ಮುಖ್ಯವಾಗಿತ್ತು. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಹೊಟ್ಟೆಯಲ್ಲಿ ಹುಳ ಸದ್ದಿಲ್ಲದೆ ಬೆಳೆಯುತ್ತದೆ. ಅದರ ತತ್ತಿ ಸಂಡಾಸಿನ ಜೊತೆ ಹೊರಗೆ ಬರುತ್ತದೆ. ಅವರು ಕೈ ನೆಟ್ಟಗೆ ತೊಳೆಯದೆ ಊಟ ಕಲಸಿದರೆ, ಇಲ್ಲವೆ ಹೊಲಸು ನೀರಲ್ಲಿ ಬೆಳೆದ ಸೊಪ್ಪುತಪ್ಪಲನ್ನು ಯಾರಾದರೂ ಹಸಿಯಾಗಿ ತಿಂದರೆ, ಆ ತತ್ತಿ ಬೇರೆಯವರ ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ಮರಿ ರಕ್ತದಲ್ಲಿ ಸಾಗಿ ತಲೆಗೆ ಏರುತ್ತದೆ.

"ತಿಂದಾಂವ ಆರಾಮ ಇರ್ತಾನ, ತಿನ್ನದಾಕಿಗೆ ಫಿಟ್ಸ್ ಬರ್ತಾವ," ಎಂದರು ಡಾಕ್ಟರರು. "ನಿಮ್ಮ ಮನಿಯಾಗ ಯಾರಿಗರೆ ಸಂಡಾಸಿನಾಗ ಬಿಳೇ ಲಾಡಿ ತುಂಡಿನಂಥಾದ್ದು ಬಿದ್ದೈತೇನ್ರಿ?"

ನಿರ್ಮಲಾ ಇಲ್ಲವೆಂದಳು. ಕೊಟ್ರೇಶ ನೆಲ ನೋಡುತ್ತ ಕೂತ. ಅವನ ಕಿವಿ ಕೆಂಪಗಾದದ್ದನ್ನು ಅವಳು ನೋಡಿದಳು.

ಏಳುವ ಮುಂಚೆ ಡಾಕ್ಟರರು ಇನ್ನೊಂದು ಮಾತು ಹೇಳಿದರು. ಗುಳಗಿ ತಪ್ಪಿಸಬಾರದು. ಎರಡು ವರ್ಷ ಒಲೆಯ ಮುಂದೆ ಕೂರಬಾರದು, ಬಾವಿಯ ಹತ್ತಿರ ಸುಳಿಯಬಾರದು, ಒಬ್ಬಳೇ ಹೊರಗೆ ಹೋಗಬಾರದು.

ಮನೆಗೆ ಬಂದು ಕೊಟ್ರೇಶ ಅವ್ವನಿಗೆ ಹೇಳಿದ್ದು ಈ ಕಡೆಯ ಮಾತನ್ನಷ್ಟೇ. ಶಾರದವ್ವನಿಗೆ ಅದೇ ಆಸರೆಯಾಯಿತು. ಅಡುಗೆಮನೆಯನ್ನು ತೊಳೆದು ಸಾರಿಸಿದಳು. ನಿರ್ಮಲಾಳ ಗಂಗಾಳ, ಚರಿಗೆ ಪಡಸಾಲೆಯ ಮೂಲೆಗೆ ಬಂದವು. ಓಣಿಯವರು ಕೇಳಿದರೆ, ಒಲೆಯ ಹತ್ತಿರ ಬಿಡಬಾರದೆಂದು ಡಾಕ್ಟರರೇ ಹೇಳಿದ್ದಾರೆ ಎನ್ನುತ್ತಿದ್ದಳು. ಸೊಸೆಗೆ ಮಾತ್ರ ಬೇರೆಯದೇ ಹೇಳುತ್ತಿದ್ದಳು. ಶಾಲೆಯಲ್ಲಿ ಎಲ್ಲರ ಕೂಡ ಕೂತು ಉಂಡವಳು, ಎಲ್ಲಿ ಏನು ತಿಂದಳೋ ಯಾರು ಕಂಡರು ಎಂದು. ಒಂದು ದಿನ ಊಟ ಬಡಿಸಿ ಎದ್ದು ಹೋಗುತ್ತ ಅಂದಳು: "ಕೊರಳಾಗ ಲಿಂಗಾ, ಹೊಟ್ಟ್ಯಾಗ ಹಂದಿ."

ನಿರ್ಮಲಾ ಆ ರೊಟ್ಟಿಯನ್ನು ಉಣ್ಣಲಿಲ್ಲ. ಅಂಗಳ ದಾಟಬೇಕಾದರೂ ಯಾರಾದರೂ ಜೊತೆಗೆ ಬೇಕು. ತವರು ಹೊಸರಿತ್ತಿಗೆ ಹೋದರೆ ತಪ್ಪು ಒಪ್ಪಿಕೊಂಡು ಹೋದಳೆಂದಾಗುತ್ತದೆ. ಇಲ್ಲಿದ್ದರೆ ಹೀಗೆ. ಪಡಸಾಲೆಯ ಕಿಟಕಿಯಿಂದ ಓಣಿಯ ಒಂದು ತುಂಡು ಕಾಣುತ್ತಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನಗುವುದು ಕೇಳುತ್ತಿತ್ತು. ತನ್ನ ಬಗ್ಗೆಯೇ ನಗುತ್ತಿದ್ದಾರೇನೋ ಎಂದು ಅವಳು ಕಿವಿಗೊಡುತ್ತಿದ್ದಳು.

ಅತ್ತೆ ಮಠಕ್ಕೆ ಹೋದ ಒಂದು ಮಧ್ಯಾಹ್ನ ಅವಳು ಗಂಡನನ್ನು ನೇರವಾಗಿ ಕೇಳಿದಳು. ಕೊಟ್ರೇಶ ಮೆಣಸಿನಕಾಯಿ ಲೋಡಿನ ಜೊತೆ ಘಟ್ಟದ ಕೆಳಗೆ ಹೋಗಿ ಬರುವವನು. ಅಂಗಿಯ ಗುಂಡಿ ತಿರುವುತ್ತ ಹೇಳಿದ. ಅಲ್ಲಿಯ ಒಂದು ಖಾನಾವಳಿಯಲ್ಲಿ ತಿಂದಿದ್ದ, ಒಂದೇ ಸಲವಲ್ಲ. ಲಾರಿಯ ಡ್ರೈವರ್ ಸಲಾವುದ್ದೀನ ಎದುರಿಗೇ ಕೂತು, ಬ್ಯಾಡ ಮಾರಾಯ, ಅದು ನಮಗೂ ಇಲ್ಲ ನಿಮಗೂ ಇಲ್ಲ ಅಂತ ಅಂದಿದ್ದನಂತೆ. ಬಿಳಿಯ ತುಂಡುಗಳು ಬೀಳುವುದೂ ಅವನಿಗೆ ಗೊತ್ತಿತ್ತು. ಏನೂ ನೋಯುವುದಿಲ್ಲವೆಂದು ಸುಮ್ಮನಿದ್ದ.

"ಅವ್ವಗ ಗೊತ್ತಾದರ ಸಾಯ್ತಾಳ," ಎಂದ.

"ಅತ್ತಿ ಸಾಯೂದಿಲ್ರಿ. ನೀವು ಗುಳಗಿ ತಗೊಳ್ಳದಿದ್ರ ನಾ ಸಾಯ್ತೇನಿ."

ಹಾವೇರಿಗೆ ಹೋಗಿ ಯಾರಿಗೂ ಕಾಣದ ಹಾಗೆ ತೋರಿಸಿಕೊಂಡು ಬರುತ್ತೇನೆಂದ. ಹೋಗಲಿಲ್ಲ. ಅಲ್ಲಿ ಪರಿಚಯದವರು ಎದುರಾದರೆ ಎಂದ. ಲೋಡ್ ಇದೆ ಎಂದ. ನಿರ್ಮಲಾ ದಿನಾ ಅವನ ಮುಖ ನೋಡುತ್ತಿದ್ದಳು, ಅವನು ದಿನಾ ಗೋಡೆ ನೋಡುತ್ತಿದ್ದ.

ಕೊಟ್ರೇಶನಿಗೆ ಒಂದು ರೂಢಿ ಇತ್ತು. ಸೋಮವಾರದ ಪೇಟೆ ಮುಗಿಸಿ ಬಂದು ಮನೆಯವರಿಗೆಲ್ಲ ತಾನೇ ಗಿರ್ಮಿಟ್ ಮಾಡುತ್ತಿದ್ದ. ಚುರಮುರಿಗೆ ಹುಣಸೆಯ ಒಗ್ಗರಣೆ ಹಾಕಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಹೆಚ್ಚಿ, ಪುಟಾಣಿಹಿಟ್ಟು ಉದುರಿಸಿ, ಕೈಯಿಂದಲೇ ಕಲಸಬೇಕು. ಚಮಚೆಯಿಂದ ಕಲಸಿದರೆ ರುಚಿ ಹತ್ತದು ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ನಿರ್ಮಲಾ ಸೋಮವಾರವನ್ನೇ ಕಾಯುತ್ತಿದ್ದಳು. ಈಗ ಅವಳು ತಾಟು ಮುಟ್ಟಲಿಲ್ಲ.

"ಗಂಡ ಕಲಸಿದ್ದು ಸೇರೂದಿಲ್ಲ ಈಕಿಗೆ. ಈಕಿ ರುಚಿನ ಬ್ಯಾರೆ," ಎಂದು ಶಾರದವ್ವ ಮುಷ್ಟಿ ತುಂಬ ತೆಗೆದುಕೊಂಡು ಬಾಯಿಯ ಹತ್ತಿರ ಒಯ್ದಳು.

ಆ ಮುಷ್ಟಿ ಬಾಯಿಗೆ ಹೋದರೆ ತನ್ನ ಹಾಗೆ ಇನ್ನೊಂದು ತಲೆ. ನಿರ್ಮಲಾ ಎದ್ದು ಅತ್ತೆಯ ಮಣಿಕಟ್ಟು ಹಿಡಿದಳು. ಸೊಸೆಯಾಗಿ ಬಂದಾಗಿನಿಂದ ಅವಳು ಅತ್ತೆಯ ಕೈಯನ್ನು ಹಾಗೆ ಹಿಡಿದಿರಲಿಲ್ಲ.

"ತಿನಬ್ಯಾಡ್ರಿ ಅತ್ತಿ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಹೇಳ್ತೀರೋ, ನಾ ಹೇಳ್ಲೋ?"

ಕೊಟ್ರೇಶನ ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. ಅದನ್ನೇ ನೋಡುತ್ತ ಹೇಳಿದ: "ತಿಂದಾಂವ ನಾ, ಅವ್ವಾ. ಆಕಿ ಅಲ್ಲ. ಹುಳ ನನ್ನ ಹೊಟ್ಟ್ಯಾಗ ಐತಿ."

ಶಾರದವ್ವನ ಮುಷ್ಟಿ ಸಡಿಲಾಯಿತು. ಮಗನಿಗೆ ಅವಳು ಒಂದು ಮಾತನ್ನೂ ಅನ್ನಲಿಲ್ಲ. ಬಚ್ಚಲಿಗೆ ಹೋಗಿ ಕೈ ತೊಳೆದಳು, ಮತ್ತೆ ತೊಳೆದಳು. ಆ ರಾತ್ರಿ ಯಾರೂ ಉಣ್ಣಲಿಲ್ಲ.

ಬೆಳಗಾಗುತ್ತಲೇ ಕೊಟ್ರೇಶ ರಾಣೇಬೆನ್ನೂರಿನ ಬಸ್ಸು ಹತ್ತಿದ. ಡಾಕ್ಟರರು ಕೊಟ್ಟ ಗುಳಗಿಯನ್ನು ಮನೆಗೆ ತಂದು ಅವ್ವ, ಹೆಂಡತಿ ಇಬ್ಬರ ಎದುರಿಗೇ ನುಂಗಿದ. ನಿರ್ಮಲಾಳ ಗಂಗಾಳ ಅಡುಗೆಮನೆಗೆ ಹೋಯಿತು. ಒಲೆಯಿಂದ ಮಾರು ದೂರ ಮಣೆ ಹಾಕಿ ಶಾರದವ್ವ ಅವಳನ್ನು ಕೂರಿಸಿದಳು. ಕ್ಷಮೆಯ ಮಾತು ಬರಲಿಲ್ಲ, ನಿರ್ಮಲಾ ಅದನ್ನು ಕೇಳಲೂ ಇಲ್ಲ. ಆದರೆ ಅತ್ತೆ ಆಡಿದ ಹಂದಿಯ ಮಾತು ಗೋಡೆ ದಾಟಿ ಓಣಿಯಲ್ಲಿ ಅವಳ ಹೆಸರಿಗೇ ಅಂಟಿಕೊಂಡಿತ್ತು, ಅದನ್ನು ಬಿಡಿಸಬಲ್ಲವಳು ಅತ್ತೆಯೊಬ್ಬಳೇ.

ಕೆಲವು ದಿನಗಳ ಮೇಲೆ ಎದುರು ಮನೆಯ ಉಚ್ಚಂಗೆವ್ವ ಬಂದು ಕೂತಳು. ಅಡುಗೆಮನೆಯೊಳಗೆ ಇಣುಕಿ ನೋಡಿ, ದನಿ ತಗ್ಗಿಸದೆಯೇ ಕೇಳಿದಳು: "ಹೆಂಗೈತ್ಯವಾ ನಿನ್ನ ಸೊಸಿ ಹಂದಿಹುಳ?"

"ಆರಾಮ ಆಗಾಕತ್ತೈತಿ," ಎಂದಳು ಶಾರದವ್ವ.

ನಿರ್ಮಲಾ ಮಣೆಯ ಮೇಲೆ ಕೂತು ಮುಂದಿನ ಮಾತಿಗೆ ಕಾದಳು. ಶಾರದವ್ವ ಅವಳ ಕಡೆ ಒಮ್ಮೆ ನೋಡಿ, ಉಚ್ಚಂಗೆವ್ವನಿಗೆ ಚಹಾ ಇಡಲು ಎದ್ದಳು.